ಪಾಸ್‌ಪೋರ್ಟ್ ಒತ್ತೆ ಇಡಬೇಡಿ, ಪರರ ಬ್ಯಾಗ್ ಹೊರಬೇಡಿ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆ ಹಾದಿ. ರಾತ್ರಿ ಬಸ್ಸು ಹತ್ತಿ ಬೀದರ್ ತಲುಪುವುದಕ್ಕಿಂತ ಬೇಗ. ಹಾಗಾಗಿಯೇ ಮೊದಲ ಕೆಲಸ, ಮೊದಲ ಸಂಬಳ ಸಿಕ್ಕ ಹುಡುಗ ಹುಡುಗಿಯರು ಗೋವಾಕ್ಕೆ ಹೊರಟಷ್ಟೇ ಸಲೀಸಾಗಿ ಥಾಯ್ಲೆಂಡ್‌ಗೆ ಹೊರಡುತ್ತಿದ್ದಾರೆ. ಹೋಗಿಬನ್ನಿ, ಖಂಡಿತ ಹೋಗಿಬನ್ನಿ. ಮನೆಯಲ್ಲಿ ಅಪ್ಪ ಅಮ್ಮ ಕಳ್ಳಕಾಕರಿಗೆ ಹೆದರುತ್ತಾರೆ. ಜೇಬು ಕತ್ತರಿಸಿದರೆ ಹೋಗುವುದು ದುಡ್ಡು ಅಷ್ಟೇ. ನಗುನಗುತ್ತಾ ಕೇಳಿದರೆಂದು ನೀವಾಗಿಯೇ ಕೊಟ್ಟದ್ದು, ದಾಕ್ಷಿಣ್ಯಕ್ಕೆ ಒಪ್ಪಿಕೊಂಡದ್ದು ಇದೆಯಲ್ಲ, ಅದು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ.

ಬಾಡಿಗೆ ಸ್ಕೂಟರನ್ನೇ ತೆಗೆದುಕೊಳ್ಳಿ. ಫುಕೆಟ್‌ನಲ್ಲಿ ಇಳಿದ ಮರುದಿನವೇ ಎಲ್ಲರೂ ಹುಡುಕುವುದು ಅದನ್ನು. ಅಂಗಡಿಯವರು ಲೈಸೆನ್ಸ್ ಕೇಳದೇ ಇರಬಹುದು, ಪಾಸ್‌ಪೋರ್ಟ್ ಮಾತ್ರ ಒತ್ತೆ ಇಡಿ ಎನ್ನುತ್ತಾರೆ. ಇಡಬೇಡಿ. ಸ್ಕೂಟರ್ ಹಿಂದಿರುಗಿಸುವಾಗ ಮಡ್‌ಗಾರ್ಡ್ ಮೇಲೆ ಒಂದು ಗೀರು ತೋರಿಸಿ ಸಾವಿರಾರು ಥಾಯ್ ಬಾತ್ ಕೇಳಿದರೆ, ನಿಮ್ಮ ಜುಟ್ಟು ಅವರ ಕೈಯಲ್ಲಿರುತ್ತದೆ. ನಗದು ಠೇವಣಿ ಮತ್ತು ಪಾಸ್‌ಪೋರ್ಟಿನ ಜೆರಾಕ್ಸ್‌ಗೆ ಒಪ್ಪುವ ಅಂಗಡಿಗಳಿವೆ, ಅಲ್ಲಿಗೆ ಹೋಗಿ. ಕೀಲಿ ಪಡೆಯುವ ಮೊದಲೇ ಗಾಡಿಯ ಸುತ್ತ ನಡೆದು, ಕನ್ನಡಿ, ಸೈಲೆನ್ಸರ್, ಕೆಳಗಿನ ಪ್ಲಾಸ್ಟಿಕ್ ಎಲ್ಲವನ್ನೂ ಅಂಗಡಿಯವರ ಎದುರಿಗೇ ವಿಡಿಯೋ ಮಾಡಿಕೊಳ್ಳಿ. ಪಟ್ಟಾಯದ ಜೆಟ್ ಸ್ಕೀ ಬಾಡಿಗೆಯಲ್ಲೂ ಇದೇ ಗೀರಿನ ಆಟ ನಡೆಯುತ್ತದೆ.

ಇನ್ನು ಲೈಸೆನ್ಸ್. ಅಲ್ಲೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಓಡಿಸುವುದು, ಹಾಗಾಗಿ ನಮ್ಮವರಿಗೆ ಧೈರ್ಯ ಜಾಸ್ತಿ. ಫುಕೆಟ್‌ನ ಪಟಾಂಗ್ ಗುಡ್ಡದ ಇಳಿಜಾರಿನಲ್ಲಿ ಮಳೆ ಬಿದ್ದ ಮೇಲೆ ಆ ಧೈರ್ಯ ಏನಾಗುತ್ತದೆಂದು ಅಲ್ಲಿನ ಆಸ್ಪತ್ರೆಯವರನ್ನು ಕೇಳಬೇಕು. ಹೊರಡುವ ಮೊದಲು ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಫಾರಂ 4ಎ ತುಂಬಬೇಕು, ಒಂದು ವರ್ಷ ನಡೆಯುತ್ತದೆ. ನಿಮ್ಮ ಲೈಸೆನ್ಸ್ ಬರೀ ಕಾರಿನದಾದರೆ ಸ್ಕೂಟರಿಗೆ ಅದು ಉಪಯೋಗಕ್ಕೆ ಬಾರದು. ಪ್ರವಾಸ ವಿಮೆ ಮಾಡಿಸಿದ್ದೇವಲ್ಲ ಎನ್ನುತ್ತೀರಿ. ಆ ಪಾಲಿಸಿಯ ಸಣ್ಣಕ್ಷರದಲ್ಲಿ ‘ಇಂಥದ್ದಕ್ಕೆ ಪರಿಹಾರವಿಲ್ಲ’ ಎಂಬ ಪಟ್ಟಿ ಇರುತ್ತದೆ, ಅದನ್ನು ಓದಿ. ಲೈಸೆನ್ಸ್ ಇಲ್ಲದೆ ಓಡಿಸಿದರೆ, ಕುಡಿದು ಓಡಿಸಿದರೆ ಸಾಮಾನ್ಯವಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಮೂಳೆ ಮುರಿದ ಬಿಲ್ಲು ಅಪ್ಪನ ಖಾತೆಗೇ.

ಈಗ ಬ್ಯಾಗಿನ ವಿಷಯ. ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರ ಬಳಿ ಹೈಡ್ರೋಪೋನಿಕ್ ಗಾಂಜಾ ಸಿಕ್ಕಿತು ಎಂಬ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಪದೇಪದೇ ಬರುತ್ತಿರುವುದನ್ನು ನೀವೂ ಓದಿರುತ್ತೀರಿ. ಬಿಸ್ಕತ್ತಿನ ಪೊಟ್ಟಣದಲ್ಲಿ, ಸೂಟ್‌ಕೇಸಿನ ಸುಳ್ಳು ತಳದಲ್ಲಿ ಅಡಗಿಸಿ ತರುತ್ತಾರೆ. ಟಿಕೆಟ್ಟು, ಹೋಟೆಲ್ಲು ಎಲ್ಲ ನಮ್ಮದೇ, ಬರುವಾಗ ಒಂದು ಬ್ಯಾಗ್ ತಂದುಕೊಟ್ಟರೆ ಸಾಕು ಎಂದು ಯಾರಾದರೂ ಹೇಳಿದರೆ, ಆ ಬ್ಯಾಗಿನಲ್ಲಿ ಏನಿದೆಯೆಂದು ನಾನು ಬಿಡಿಸಿ ಹೇಳಬೇಕಿಲ್ಲ. ‘ನನಗೆ ಗೊತ್ತಿರಲಿಲ್ಲ ಸಾರ್’ ಎನ್ನುವ ಮಾತು ಸಾಲುವುದಿಲ್ಲ. ಮಾದಕವಸ್ತು ತಡೆಯುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ವಸ್ತು ನಿಮ್ಮ ಬಳಿ ಸಿಕ್ಕಿದರೆ ಗೊತ್ತಿದ್ದೇ ತಂದಿದ್ದೀರಿ ಎಂದು ನ್ಯಾಯಾಲಯ ಭಾವಿಸುತ್ತದೆ, ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ನಿಮ್ಮದು. ಗಾಂಜಾ 20 ಕಿಲೋ ಮೀರಿದರೆ ಕನಿಷ್ಠ ಶಿಕ್ಷೆಯೇ 10 ವರ್ಷ. ಅಲ್ಲಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಿದ್ದರಲ್ಲ ಎಂಬ ವಾದ ದೇವನಹಳ್ಳಿಯಲ್ಲಿ ಇಳಿದ ಮೇಲೆ ನಡೆಯುವುದಿಲ್ಲ. ವೇಪ್ ಅಂತೂ ಎರಡೂ ದೇಶಗಳಲ್ಲಿ ನಿಷೇಧ. ಒಯ್ಯಲೂ ಬೇಡಿ, ತರಲೂ ಬೇಡಿ.

ಕೆಲಸದ ಆಸೆ ತೋರಿಸುವವರದು ಇನ್ನೂ ದೊಡ್ಡ ಬಲೆ. ಡಿಜಿಟಲ್ ಮಾರ್ಕೆಟಿಂಗ್, ಡೇಟಾ ಎಂಟ್ರಿ, ಕೈತುಂಬ ಸಂಬಳ, ಸದ್ಯಕ್ಕೆ ಪ್ರವಾಸಿಯಾಗಿ ಬನ್ನಿ, ಕೆಲಸದ ಪರ್ಮಿಟ್ ಆಮೇಲೆ ಮಾಡಿಸೋಣ ಎನ್ನುತ್ತಾರೆ. ಪ್ರವಾಸಿಯಾಗಿ ಹೋದವರು ಅಲ್ಲಿ ದುಡಿಯುವಂತಿಲ್ಲ, ಮೊದಲ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಂಕಾಕ್‌ನಲ್ಲಿ ಕಾರು ಹತ್ತಿಸಿಕೊಂಡು ಸುಮಾರು 500 ಕಿಲೋಮೀಟರ್ ದೂರದ ಮೇ ಸೋಟ್‌ಗೆ ಒಯ್ದು, ಮೋಯಿ ನದಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡ್ಡಿಯಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಹೀಗೆ ಸಿಕ್ಕಿಬಿದ್ದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಹಾಗಾಗಿ ಏಜೆಂಟ್ ಹೆಸರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ನೋಡಿ. ಅಕಸ್ಮಾತ್ ಹೊರಟೇಬಿಟ್ಟಿದ್ದರೆ, ಕಾರು ಹತ್ತಿದ ಮೇಲೆ ಮೊಬೈಲಿನಲ್ಲಿ ಮ್ಯಾಪ್ ತೆರೆದಿಡಿ. ಊರು ಬಿಟ್ಟು ವಾಯವ್ಯಕ್ಕೆ ಸಾಗುತ್ತಿದೆ ಎಂದಾದರೆ ಮೊದಲ ಪೆಟ್ರೋಲ್ ಬಂಕ್‌ನಲ್ಲೇ ಇಳಿದು ಜನರ ನಡುವೆ ನಿಲ್ಲಿ.

ಕುಡಿಯಬೇಡಿ ಎಂದರೆ ರೇಡಿಯೋ ಆರಿಸುತ್ತೀರಿ, ಗೊತ್ತು. ಆದರೆ 2024ರ ನವೆಂಬರ್‌ನಲ್ಲಿ ಪಕ್ಕದ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ವಿಷಕ್ಕೆ ಆರು ವಿದೇಶಿ ಪ್ರವಾಸಿಗರು ಬಲಿಯಾದರು. ಇಬ್ಬರಿಗೆ ಇನ್ನೂ ಹತ್ತೊಂಬತ್ತು. ನಮ್ಮ ಕಳ್ಳಬಟ್ಟಿ ದುರಂತಗಳಲ್ಲಿ ಕಂಡ ವಿಷವೇ ಇದು. ಪುಕ್ಕಟೆ ಶಾಟ್, ಬಕೆಟ್‌ನಲ್ಲಿ ಬೆರೆಸಿ ಕೊಡುವುದು ಬೇಡವೇ ಬೇಡ. ಮರುದಿನ ಕಣ್ಣು ಮಂಜಾದರೆ, ಮಲಗಿದರೆ ಸರಿಹೋಗುತ್ತದೆ ಎನ್ನಬೇಡಿ, ಆಸ್ಪತ್ರೆಗೆ ಓಡಿ. ಇನ್ನು ಸಮುದ್ರತೀರದಲ್ಲಿ ಕೆಂಪು ಬಾವುಟ ಕಂಡರೆ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಫುಕೆಟ್ ಇರುವ ಅಂಡಮಾನ್ ಕಡಲಿನ ತೀರದಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಸೆಳೆತ ಜೋರು.

ಪಾಸ್‌ಪೋರ್ಟ್ ಕಳೆದೇಹೋಯಿತೋ? ಮೊದಲು ಸ್ಥಳೀಯ ಠಾಣೆಯಲ್ಲಿ ದೂರು ಬರೆಸಿ ಪ್ರತಿ ಪಡೆಯಿರಿ. ಅದನ್ನು ಹಿಡಿದು ಬ್ಯಾಂಕಾಕ್‌ನ ನಮ್ಮ ರಾಯಭಾರ ಕಚೇರಿಗೆ ಹೋದರೆ, ಭಾರತಕ್ಕೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅಷ್ಟಕ್ಕೇ ವಿಮಾನ ಹತ್ತಲಾಗದು, ಥಾಯ್ ವಲಸೆ ಕಚೇರಿಯ ಅನುಮತಿಯೂ ಬೇಕು. ಟಿಕೆಟ್ ಬದಲಿಸುವಾಗ ಅದಕ್ಕೂ ಸಮಯ ಇಟ್ಟುಕೊಳ್ಳಿ. ಪ್ರವಾಸಿ ಪೊಲೀಸರ ಸಂಖ್ಯೆ 1155, ಇಂಗ್ಲಿಷಿನಲ್ಲಿ ಮಾತನಾಡಬಹುದು. ಆಂಬುಲೆನ್ಸ್‌ಗೆ 1669. ಮೊಬೈಲ್ ಕಳೆದರೂ ಕೈಗೆ ಸಿಗುವಂತೆ ಇವೆರಡನ್ನೂ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೆರಾಕ್ಸ್ ಜೊತೆ ಇಟ್ಟುಕೊಳ್ಳಿ, ಇನ್ನೊಂದು ಪ್ರತಿ ಮನೆಯಲ್ಲಿರಲಿ.