ಹಿತ್ತಿಲ ಕುಂಬಳಕ್ಕೆ ಬೇಸಗೆಯ ನೀರು

ಮಾಘಮಾಸ ಕಳೆಯುತ್ತಲೇ ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರು ಹಿತ್ತಿಲಿನ ಮೂಲೆಯಲ್ಲಿ ನಾಲ್ಕು ಕುಂಬಳದ ಬೀಜವನ್ನೂ ಎರಡು ಹೀರೆಯ ಬೀಜವನ್ನೂ ಊರುವುದುಂಟು. ಬೀಜ ಊರುವುದು ಕಷ್ಟವಲ್ಲ, ಮೊಳೆಯುವುದೂ ಸುಲಭವೇ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಬಳ್ಳಿಯನ್ನು ಕಾಯಿಯವರೆಗೆ ಒಯ್ಯುವುದು ಮಾತ್ರ ನೀರು ಹಾಕುವವರ ವಿವೇಕಕ್ಕೆ ಸೇರಿದ್ದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಊರುಗಳನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ವಿವರಿಸಬೇಕೆಂದಿದ್ದೇವೆ. ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆದರೆ ನೀರಿನ ಮಟ್ಟಿಗೆ ಒಂದೇ ಮನೆಯ ಮಕ್ಕಳಲ್ಲ. ಹೊನ್ನಾಳಿಗೆ ಊರ ಬದಿಯಲ್ಲೇ ತುಂಗಭದ್ರೆಯುಂಟು. ಚನ್ನಗಿರಿಯ ಸೀಮೆಗೆ ಸೂಳೆಕೆರೆಯೂ ಭದ್ರೆಯ ಕಾಲುವೆಯೂ ಉಂಟು. ಕೆಲವು ವರ್ಷದ ಹಿಂದಿನವರೆಗೆ ಹೊನ್ನಾಳಿಗೇ ಸೇರಿದ್ದ ನ್ಯಾಮತಿಗೆ ಮಲೆನಾಡಿನ ನೆರೆಹೊರೆಯಿದೆ. ಮೂಡಲಿನ ಜಗಳೂರಾದರೋ ಬಯಲುಸೀಮೆಯ ಊರು. ಅಲ್ಲಿ ಒಂದೊಂದು ಕೊಡಕ್ಕೂ ಲೆಕ್ಕವುಂಟು.

ಪಾಶ್ಚಾತ್ಯರು ಬೇಸಗೆಯ ಕುಂಬಳವೆಂದು ಕರೆಯುವುದು ದೂರ ಹಬ್ಬದೆ ಪೊದೆಯಾಗಿ ನಿಂತು, ಎಳೆಯದಾಗಿಯೇ ಕೊಯ್ಯಿಸಿಕೊಳ್ಳುವ ಜಾತಿ. ಬೆಂಗಳೂರಿನ ಅಂಗಡಿಗಳಲ್ಲಿ ಅದು ಜುಕಿನಿ ಎಂಬ ಹೆಸರಿನಿಂದ ದೊರೆಯುತ್ತದೆ. ನಮ್ಮ ಸಿಹಿಗುಂಬಳ ಅದರ ದಾಯಾದಿ. ಹೀರೆ ಸೋರೆಗಳು ದೂರದ ನೆಂಟರು. ನೀರಿನ ನಿಯಮ ಈ ಕುಲಕ್ಕೆಲ್ಲ ಬಹುಮಟ್ಟಿಗೆ ಒಂದೇ.

ಮಧ್ಯಾಹ್ನ ಎರಡು ಗಂಟೆಗೆ ಹಿತ್ತಿಲಿಗೆ ಹೋಗಿ ನೋಡಿದರೆ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತವೆ. ಮನೆಯವರು ಕನಿಕರದಿಂದ ಕೂಡಲೇ ಒಂದು ಕೊಡ ಸುರಿಯುತ್ತಾರೆ. ಸಂಜೆಗೆ ಎಲೆ ನಿಮಿರುತ್ತದೆ. ತಾವು ಹಾಕಿದ ನೀರಿನ ಫಲವೆಂದು ಭಾವಿಸುತ್ತಾರೆ. ನೆಲದಲ್ಲಿ ಹಸಿಯಿದ್ದರೆ ನೀರು ಹಾಕದಿದ್ದರೂ ಅದು ನಿಮಿರುತ್ತಿತ್ತು. ಕುಂಬಳದ ಎಲೆ ಅಗಲವಾದದ್ದು, ತೆಳುವಾದದ್ದು. ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋಗುವ ವೇಗವು ನಡುಹಗಲಿನಲ್ಲಿ ಬೇರು ಹೀರುವ ವೇಗವನ್ನು ಮೀರುತ್ತದೆ. ವರಮಾನಕ್ಕಿಂತ ಖರ್ಚು ಹೆಚ್ಚಾದಾಗ ಸಂಸಾರಿಯು ಕೈ ಬಿಗಿಹಿಡಿಯುವಂತೆ ಎಲೆಯೂ ಬಾಗಿ ಬಿಸಿಲಿಗೆ ಮೈ ತಪ್ಪಿಸಿಕೊಳ್ಳುತ್ತದೆ. ಬಾಯಾರಿಕೆಯ ನಿಜವಾದ ಸಾಕ್ಷ್ಯ ದೊರೆಯುವುದು ಬೆಳಗ್ಗೆ ಆರು ಗಂಟೆಗೆ. ಆಗಲೂ ಎಲೆ ಜೋತಿದ್ದು, ಬೆರಳಿಟ್ಟು ನೋಡಿದರೆ ಮಣ್ಣು ಒಣಗಿದ್ದರೆ, ಅಂದು ನೀರು ಬೇಕೇ ಬೇಕು. ಎಲೆ ಜೋತಿದ್ದು ಮಣ್ಣು ಮಾತ್ರ ತೇವವಾಗಿದ್ದರೆ, ಬೇರು ಕೊಳೆತಿದೆಯೆಂದೋ ಕಾಂಡಕ್ಕೆ ಹುಳು ಹೊಕ್ಕಿದೆಯೆಂದೋ ಶಂಕಿಸಬೇಕು. ಆಗ ಮತ್ತೆ ನೀರು ಸುರಿಯುವುದು ಅಜೀರ್ಣದವನಿಗೆ ಎರಡನೆಯ ಊಟ ಬಡಿಸಿದಂತೆ.

ಎಷ್ಟು ಹಾಕಬೇಕು? ಒಂದು ಮೀಟರು ಚೌಕದ ಪಾತಿಯಲ್ಲಿ ಒಂದಂಗುಲ ನೀರು ನಿಂತರೆ ಅದು ಸುಮಾರು 25 ಲೀಟರು. ಕಾಯಿ ಹಿಡಿದ ಬಳ್ಳಿಗೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ವಾರಕ್ಕೆ 40 ಲೀಟರಾದರೂ ಬೇಕೆಂದು ನಮ್ಮ ಎಣಿಕೆ. ಎಂದರೆ ದೊಡ್ಡ ಕೊಡದಲ್ಲಿ ಮೂರು ಕೊಡ. ಎಳೆಯ ಸಸಿಗೆ ಇದರ ಕಾಲು ಭಾಗ ಸಾಕು. ಈ ಮೂರು ಕೊಡವನ್ನು ದಿನಕ್ಕೊಂದು ಚೊಂಬಿನಂತೆ ಚಿಮುಕಿಸುವುದು ಬಹಳ ಮನೆಗಳಲ್ಲಿ ಕಾಣುವ ಪದ್ಧತಿ. ಅದರಿಂದ ನೆಲದ ಮೇಲ್ಪದರ ನೆನೆದು ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ಬೇರೂ ನೀರನ್ನು ಅರಸಿ ಕೆಳಗಿಳಿಯದೆ ಮೇಲೆಯೇ ಹರಡಿ ಬಿಸಿಲಿಗೆ ಬೇಯುತ್ತದೆ. ಬಿಟ್ಟು ಬಿಟ್ಟು ಹಾಕಿ, ಹಾಕಿದಾಗ ಗೇಣುದ್ದ ಇಳಿಯುವಂತೆ ಹಾಕುವುದೇ ಸರಿ.

ಇಲ್ಲಿ ನೆಲದ ಗುಣವನ್ನು ಮರೆಯುವಂತಿಲ್ಲ. ಮರಳು ಬೆರೆತ ಕೆಮ್ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುವುದರಿಂದ ಮೂರು ಕೊಡವನ್ನು ವಾರದಲ್ಲಿ ಮೂರು ಸಲಕ್ಕೆ ಹಂಚಬೇಕು. ಎರೆಭೂಮಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಎರಡು ಸಲ ಸಾಕು. ಆದರೆ ಎರೆ ಒಣಗಿ ಬಿರಿದಿದ್ದಾಗ ಒಮ್ಮೆಲೇ ಸುರಿದರೆ ನೀರೆಲ್ಲ ಬಿರುಕಿನಲ್ಲಿ ಪಾತಾಳಕ್ಕಿಳಿಯುತ್ತದೆ. ಮೊದಲು ಎರಡು ಚೊಂಬು ಚಿಮುಕಿಸಿ, ಬಿರುಕು ಕೂಡಿದ ಮೇಲೆ ಉಳಿದದ್ದನ್ನು ಹಾಕಬೇಕು. ಕಾಲುವೆಯ ಸೀಮೆಯವರಿಗೆ ಇದಕ್ಕೆ ವಿರುದ್ಧವಾದ ಎಚ್ಚರಿಕೆ ಹೇಳಬೇಕಾಗಿದೆ. ನೀರು ಧಾರಾಳವಾಗಿದೆಯೆಂದು ಪಾತಿಯನ್ನು ಸದಾ ಕೆಸರಾಗಿಟ್ಟರೆ ಬೇರಿಗೆ ಗಾಳಿ ಸಿಗದೆ ಬಳ್ಳಿ ಸಾಯುತ್ತದೆ.

ಹಾಕಿದ ನೀರನ್ನು ಕಾಯುವ ವಿದ್ಯೆ ಹಾಕುವ ವಿದ್ಯೆಗಿಂತ ದೊಡ್ಡದು. ಪಾತಿಗೆ ನಾಲ್ಕಂಗುಲ ದಪ್ಪ ಹೊದಿಕೆ ಹಾಸಬೇಕು. ಕಾಂಡಕ್ಕೆ ಮಾತ್ರ ತಗುಲಿಸಬಾರದು. ಚನ್ನಗಿರಿಯವರಿಗೆ ಅಡಕೆಯ ಸಿಪ್ಪೆಯಿದೆ, ಹೊನ್ನಾಳಿ ನ್ಯಾಮತಿಗಳಲ್ಲಿ ಬತ್ತದ ಹುಲ್ಲು ಸಿಕ್ಕುತ್ತದೆ, ಜಗಳೂರಿನವರಿಗೆ ಮೆಕ್ಕೆಜೋಳದ ದಂಟೂ ಶೇಂಗಾ ಸಿಪ್ಪೆಯೂ ಸಾಕು.

ಇನ್ನೊಂದು ಉಪಾಯವುಂಟು, ಬಹು ಪ್ರಾಚೀನವಾದದ್ದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಚೀನ ದೇಶದ ಫಾನ್ ಷೆಂಗ್‌ಚಿ ಎಂಬಾತನು ಬೇಸಾಯವನ್ನು ಕುರಿತು ಒಂದು ಗ್ರಂಥ ಬರೆದನು. ಮೂಲಗ್ರಂಥ ನಷ್ಟವಾಗಿ, ಅನಂತರದವರು ಎತ್ತಿ ಬರೆದಿಟ್ಟ ಭಾಗಗಳಷ್ಟೇ ಉಳಿದಿವೆ. ಕರಬೂಜದ ಜಾತಿಯ ಬಳ್ಳಿಗಳ ನಡುವೆ ಮಣ್ಣಿನ ಗಡಿಗೆಯನ್ನು ಬಾಯಿಮಟ್ಟ ಹೂತು, ನೀರು ತುಂಬಿ, ಸುತ್ತಲೂ ನಾಲ್ಕು ಬೀಜ ಊರಿ, ಬಾಯಿಗೆ ಹೆಂಚು ಮುಚ್ಚಬೇಕೆಂದು ಅದರಲ್ಲಿ ವಿಧಿಸಿದೆ. ಗಡಿಗೆಯ ಮೈ ಬೆವರುತ್ತದೆ. ಹೊರಗಿನ ಮಣ್ಣು ಒಣಗಿದಷ್ಟೂ ಹೆಚ್ಚು ಬೆವರುತ್ತದೆ, ನೆನೆದಿದ್ದರೆ ನಿಲ್ಲಿಸುತ್ತದೆ. ಇಷ್ಟು ಲೆಕ್ಕ ಬಲ್ಲ ಆಳು ನಮಗೆ ಸಂಬಳಕ್ಕೂ ಸಿಕ್ಕುವುದಿಲ್ಲ. ಕುಂಬಾರರ ಬಳಿ ಎಂಟು ಹತ್ತು ಲೀಟರಿನ ಹೊಸ ಗಡಿಗೆಯನ್ನು ಕೊಳ್ಳಿರಿ. ಒಳಗೆ ಮೆರುಗೆಣ್ಣೆಯಾಗಲಿ ಬಣ್ಣವಾಗಲಿ ಹಚ್ಚಿರಬಾರದು. ಮುಚ್ಚಳವನ್ನು ಮರೆತರೆ ಕುಂಬಳಕ್ಕಿಂತ ಮೊದಲು ಸೊಳ್ಳೆ ಫಲಿಸುತ್ತದೆ.

ನೀರು ಹಾಕತಕ್ಕ ಹೊತ್ತು ಬೆಳಗು, ಹಾಕತಕ್ಕ ಸ್ಥಳ ಬುಡ. ರಾತ್ರಿಯೆಲ್ಲ ಎಲೆ ಒದ್ದೆಯಿದ್ದರೆ ಬೂಜು ರೋಗಕ್ಕೆ ಆಹ್ವಾನ ಕೊಟ್ಟಂತೆ. ಬಿಳಿಯ ಬೂದಿ ರೋಗ ಒಣ ಎಲೆಗೂ ಬರುತ್ತದೆಯಾದ್ದರಿಂದ ಅದನ್ನು ನೀರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಸಿಹಿಗುಂಬಳದ ಹೂವು ನಸುಕಿನಲ್ಲಿ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಜೇನ್ನೊಣ ಬರಬೇಕು. ಹೂವಿನ ಮೇಲೆ ನೀರೆರಚಿದರೆ ಪರಾಗ ಕೆಡುತ್ತದೆ. ಹೀಚು ಹಳದಿಯಾಗಿ ಉದುರಿದರೆ ನೀರು ಸಾಲದೆಂದು ಗಾಬರಿಯಾಗುವ ಮೊದಲು ಗಂಡು ಹೂವೊಂದನ್ನು ಕಿತ್ತು ಹೆಣ್ಣು ಹೂವಿಗೆ ಸೋಕಿಸಿ ನೋಡಿರಿ.

ಕುಡಿಯುವ ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ಬಳ್ಳಿಗೆ ಕೊಡ ಹೊರಿರೆಂದು ಉಪದೇಶಿಸುವುದು ಅವಿವೇಕವಾಗಿ ಕಾಣಬಹುದು. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಮುಂದಿನ ಬೇಸಗೆಯಲ್ಲಿ ಚನ್ನಗಿರಿಯ ಸೀಮೆಯಲ್ಲಿಯೇ ಅಡಕೆ ತೋಟದವರು ಟ್ಯಾಂಕರಿನಲ್ಲಿ ನೀರು ತರಿಸಿ ಮರ ಉಳಿಸಿಕೊಳ್ಳಬೇಕಾಯಿತು. ಕೆರೆ ಕಾಲುವೆಗಳ ನೆರೆಯವರ ಪಾಡೇ ಹೀಗಿದ್ದರೆ ಬಯಲಿನವರ ಮಾತೇನು! ಅಂಥ ವರ್ಷದಲ್ಲಿ ಕುಡಿಯುವ ನೀರನ್ನು ಹಿತ್ತಿಲಿಗೆ ಒಯ್ಯಲೇಬಾರದು. ಅಕ್ಕಿ ತೊಳೆದದ್ದು, ಸೊಪ್ಪು ತರಕಾರಿ ತೊಳೆದದ್ದು, ಪಾತ್ರೆಯನ್ನು ಮೊದಲು ಬಳಬಳಿಸಿದ್ದು, ಇವಿಷ್ಟನ್ನು ಒಂದು ಬಕೆಟ್ಟಿನಲ್ಲಿ ಕೂಡಿಟ್ಟರೆ ನಾಲ್ಕು ಜನರ ಮನೆಯಲ್ಲಿ ಒಂದೆರಡು ಬಳ್ಳಿಗೆ ಸಾಕಾಗುತ್ತದೆ. ಬಟ್ಟೆ ಒಗೆದ ಸೋಡಾ ನೀರು ಬೇಡ. ಎರೆಮಣ್ಣಿಗೆ ಅದು ವಿಷ, ನೆಲವನ್ನೇ ಗಟ್ಟಿಕಟ್ಟಿಸಿಬಿಡುತ್ತದೆ. ನಾಲ್ಕು ಬಳ್ಳಿಗೆ ಅರೆಹೊಟ್ಟೆ ನೀರು ಕೊಡುವ ಬದಲು, ನಿರ್ದಾಕ್ಷಿಣ್ಯವಾಗಿ ಎರಡನ್ನು ಕಿತ್ತು, ಉಳಿದೆರಡರಲ್ಲಿ ಕಾಯಿ ನಿಂತ ಮೇಲೆ ಕುಡಿಯನ್ನು ಚಿವುಟಿರಿ. ಕಿತ್ತ ಬಳ್ಳಿಯ ಎಳೆಯ ಕುಡಿ ಪಲ್ಯಕ್ಕಾಗುತ್ತದೆ. ಭರಣಿ ಮಳೆ ಜೋರಾಗಿ ಹಿಡಿದ ದಿನ ಪಾತಿಯ ಏರಿಯನ್ನು ತಗ್ಗಿನ ಕಡೆಗೆ ಒಂದಿಷ್ಟು ಕಡಿದು, ನಿಂತ ನೀರನ್ನು ಹೊರಗೆ ಬಿಡಿರಿ.