ಗೈವಾನ್ ಸಿಗುವ ಅಂಗಡಿ ಎಲ್ಲಿದೆ?

(ಬೆಂಗಳೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ ನಮ್ಮ ವರದಿಗಾರರು ಈಚೆಗೆ ಮಾಡಿದ ಭಾಷಣದ ಬರಹ ರೂಪ)



ಪತ್ರಿಕಾ ಕಚೇರಿಗೆ ಬರುವ ಫೋನ್ ಕರೆಗಳಲ್ಲಿ ಅರ್ಧದಷ್ಟು ದೂರುಗಳು. ಉಳಿದರ್ಧ ನಮಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು. ಆರು ತಿಂಗಳ ಹಿಂದೆ ಬಂದ ಒಂದು ಕರೆ ಎರಡನೆಯ ಜಾತಿಯದು. ಮಾತಾಡಿದವರು ನಿವೃತ್ತ ಮೇಷ್ಟ್ರು. ಸಿಂಗಪುರದಲ್ಲಿರುವ ಮಗಳು ಊಲಾಂಗ್ ಎಂಬ ಚೀನೀ ಚಹಾ ಕಳಿಸಿದ್ದಳು. ಅದನ್ನು ನಮ್ಮ ಹಾಗೆ ಹಾಲು, ಸಕ್ಕರೆ ಹಾಕಿ ಕುದಿಸಬಾರದಂತೆ, ಅದಕ್ಕೆ ಬೇರೆಯೇ ಪಾತ್ರೆ ಬೇಕಂತೆ. 'ನಮ್ಮೂರಲ್ಲಿ ಅದು ಎಲ್ಲಿ ಸಿಗುತ್ತೆ, ಸ್ವಲ್ಪ ವಿಚಾರಿಸಿ ಹೇಳ್ತೀರೇನಪ್ಪ?' ಎಂದರು. ಸಂಜೆಯೊಳಗೆ ಹೇಳುತ್ತೇನೆ ಸಾರ್ ಎಂದುಬಿಟ್ಟೆ. ಆ ಸಂಜೆ ಬರಲು ಆರು ತಿಂಗಳೇ ಹಿಡಿಯಿತು.

ಮೊದಲು ಪಾತ್ರೆಯ ಪರಿಚಯ ಹೇಳಬೇಕು. ಗೈವಾನ್ ಎಂದರೆ ಮುಚ್ಚಳವಿರುವ ಬಟ್ಟಲು. ಕೆಳಗೆ ತಟ್ಟೆ, ಮೇಲೆ ಮುಚ್ಚಳ, ನಡುವೆ ತೆಳ್ಳನೆಯ ಪಿಂಗಾಣಿ ಬಟ್ಟಲು, ಇಷ್ಟೇ. ನೂರರಿಂದ ನೂರೈವತ್ತು ಮಿಲಿಲೀಟರ್ ನೀರು ಹಿಡಿದರೆ ಹೆಚ್ಚು. ಇದಲ್ಲದೆ ಯಿಶಿಂಗ್ ಎಂಬ ಊರಿನ ಮಣ್ಣಿನ ಪುಟ್ಟ ಹೂಜಿಯೂ ಉಂಟು. ಎರಡರಲ್ಲೂ ಕ್ರಮ ಒಂದೇ: ಧಾರಾಳವಾಗಿ ಸೊಪ್ಪು, ಸ್ವಲ್ಪವೇ ನೀರು, ಹತ್ತಿಪ್ಪತ್ತು ಸೆಕೆಂಡು ಬಿಟ್ಟು ಬಸಿಯುವುದು. ಮತ್ತೆ ಅದೇ ಸೊಪ್ಪಿಗೆ ನೀರು. ಹೀಗೆ ಐದಾರು ಸಲ. ಒಂದೊಂದು ಸಲವೂ ಒಂದೊಂದು ರುಚಿ. ದೊಡ್ಡ ಕೆಟಲಿನಲ್ಲಿ ಈ ಆಟ ನಡೆಯುವುದಿಲ್ಲ.

ಚೀನಾದಲ್ಲಿ ಹಿಂದೆ ಚಹಾವನ್ನು ಬಿಲ್ಲೆಯಾಗಿ ಒತ್ತಿ, ಪುಡಿಮಾಡಿ ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಅರಮನೆಗೆ ಬಿಲ್ಲೆಯ ಕಪ್ಪ ಬೇಡ, ಬಿಡಿ ಎಲೆಯೇ ಸಾಕು ಎಂದು ಆಜ್ಞೆ ಮಾಡಿದ. ಬಿಡಿ ಎಲೆಯ ರೂಢಿ ಹರಡಿದಂತೆ ಅದನ್ನು ನೆನೆಸಿ ಬಸಿಯುವ ಪಾತ್ರೆ ಬೇಕಾಯಿತು. ಜಿಯಾಂಗ್ಸು ಪ್ರಾಂತದ ಯಿಶಿಂಗ್‌ನ ಕುಂಬಾರರಿಗೆ ಅದೃಷ್ಟ ಖುಲಾಯಿಸಿದ್ದು ಆಗ. ಅಲ್ಲಿಯದು 'ನೇರಳೆ ಮರಳು' ಎಂಬ ಹೆಸರಿನ ಮಣ್ಣು. ಅದನ್ನು ತಿಗರಿಗೆ ಹಾಕುವುದಿಲ್ಲ. ಮರದ ಕೊಡತಿಯಿಂದ ತಟ್ಟಿ ಹಾಳೆ ಮಾಡಿ, ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಹೂಜಿ ಕಟ್ಟುತ್ತಾರೆ. ಒಳಗೂ ಹೊರಗೂ ಹೊಳಪಿನ ಲೇಪವಿಲ್ಲ. ಹಾಗಾಗಿ ಹೂಜಿ ಚಹಾದ ವಾಸನೆ ಹೀರುತ್ತದೆ, ಬಳಸಿದಷ್ಟೂ ಮಿರುಗುತ್ತದೆ.

ಹಳೆಯದಕ್ಕೆ ಬೆಲೆ ಬಂದ ಮೇಲೆ ಮೋಸವೂ ಬಂತು. ಗು ಜಿಂಗ್‌ಝೌ (1915-1996) ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಹೂಜಿಗಾರರೆಂದು ಹೆಸರಾದವರು. ತರುಣರಾಗಿದ್ದಾಗ, 1930ರ ದಶಕದಲ್ಲಿ, ಅವರು ಶಾಂಘೈನ ಪ್ರಾಚೀನ ವಸ್ತುಗಳ ವ್ಯಾಪಾರಿಗಾಗಿ ಹಳೆಯ ಕುಶಲಿಗಳ ಕೃತಿಗಳ ನಕಲು ಮಾಡಿಕೊಡುತ್ತಿದ್ದರು. ಅವುಗಳಲ್ಲಿ ಕೆಲವು ಮುಂದೆ ಅಸಲಿ ಎಂದೇ ವಸ್ತುಸಂಗ್ರಹಾಲಯ ಸೇರಿಕೊಂಡವು! 2010ರ ಮೇ ತಿಂಗಳಲ್ಲಿ ಇದೇ ಗು ಅವರ ಒಂದು ಹೂಜಿ ಬೀಜಿಂಗ್ ಹರಾಜಿನಲ್ಲಿ ಒಂದು ಕೋಟಿ ಯುವಾನ್ ದಾಟಿತು. ಅದೇ ತಿಂಗಳು ಚೀನಾದ ಸರ್ಕಾರಿ ಟಿ.ವಿ., ಸಾಮಾನ್ಯ ಮಣ್ಣಿಗೆ ರಾಸಾಯನಿಕ ಬಣ್ಣ ಬೆರೆಸಿ 'ನೇರಳೆ ಮರಳು' ಎಂದು ಮಾರುವ ದಂಧೆಯನ್ನು ಬಯಲು ಮಾಡಿತು. ತವರಿನಲ್ಲೇ ಈ ಕಥೆ. ಇನ್ನು ನಮ್ಮ ಪಾಡೇನು?

ನಮ್ಮ ಪಾಡು ಹೇಳುತ್ತೇನೆ. ಚಿಕ್ಕಪೇಟೆ, ಶಿವಾಜಿನಗರದ ಪಾತ್ರೆ ಅಂಗಡಿಗಳನ್ನು ಸುತ್ತಿದೆ. ಎಲ್ಲ ಕಡೆಯೂ ಹೂವಿನ ಚಿತ್ತಾರದ ಇಂಗ್ಲಿಷ್ ಮಾದರಿಯ ಟೀ ಸೆಟ್ಟೇ. ಒಬ್ಬರು ಉಪ್ಪಿನಕಾಯಿ ಭರಣಿ ತೋರಿಸಿ 'ಇದಕ್ಕೂ ಮುಚ್ಚಳ ಇದೆ ಸಾರ್' ಎಂದರು. ಕೊನೆಗೆ ಮನೆಗೇ ತಲುಪಿಸುವ ಮಾರಾಟಗಾರರೊಬ್ಬರಿಂದ 'ಅಸಲಿ ಯಿಶಿಂಗ್' ತರಿಸಿದೆ. ಬಿಸಿನೀರು ಸುರಿದ ಕೂಡಲೇ ಷೂ ಪಾಲಿಶ್ ವಾಸನೆ ಬಂತು. ಹೊಸ ಹೂಜಿ ಹಳೆಯದಾಗಿ ಕಾಣಲೆಂದು ಪಾಲಿಶ್ ತಿಕ್ಕುವುದು ಈ ವ್ಯಾಪಾರದ ಹಳೆಯ ಉಪಾಯ ಎಂದು ಆಮೇಲೆ ತಿಳಿಯಿತು. ಈಗ ಅದರಲ್ಲಿ ಪೆನ್ನು ಇಟ್ಟಿದ್ದೇನೆ.

ಒಳ್ಳೆಯ ಚಹಾ ಅಂಗಡಿಯ ಗುರುತೇ ಬೇರೆ. ಹಾಂಗ್‌ಕಾಂಗ್, ಪೆನಾಂಗ್, ಸಿಂಗಪುರಗಳಲ್ಲಿ ಅಂಥವಿವೆ. ಸಿಂಗಪುರದ ಪೆಕ್ ಸಿನ್ ಚೂನ್ 1925ರಿಂದ ನಡೆದು ಬಂದಿದೆ. ಅಂಥ ಕಡೆ ಮೊದಲು ಕೂರಿಸಿ ಚಹಾ ಬಸಿದು ಕೊಡುವುದು ವಾಡಿಕೆ, ವ್ಯಾಪಾರ ಆಮೇಲೆ. ಹೂಜಿಯ ಮುಚ್ಚಳದ ತೂತಿಗೆ ಬೆರಳಿಟ್ಟರೆ ಮೂತಿಯಿಂದ ನೀರು ನಿಲ್ಲುತ್ತದೆಯೇ, ಒಳಗೆ ಬಿಸಿನೀರು ಹಾಕಿದರೆ ಏನಾದರೂ ವಾಸನೆ ಬರುತ್ತದೆಯೇ, ನೋಡಿ ಕೊಳ್ಳಬಹುದು. ದಕ್ಷಿಣ ಚೀನಾದ ಜನ ಎಲ್ಲೆಲ್ಲಿ ನೆಲೆಸಿದರೋ ಅಲ್ಲೆಲ್ಲ ಈ ಅಂಗಡಿಗಳೂ ಹೋದವು.

ಹಾಗಾದರೆ ಭಾರತದಲ್ಲಿ ಯಾಕಿಲ್ಲ? ಈ ಪ್ರಶ್ನೆ ಹೊತ್ತು, ಬೇರೆ ಕೆಲಸಕ್ಕೆಂದು ಕಲ್ಕತ್ತೆಗೆ ಹೋದಾಗ, ಭಾನುವಾರ ಬೆಳಿಗ್ಗೆ ಟೆರೆಟ್ಟಿ ಬಜಾರಿಗೆ ಹೋಗಿದ್ದೆ. ಅದು ಅಲ್ಲಿನ ಹಳೆಯ ಚೀನೀ ಕೇರಿ. ಒಂದು ಅಂಗಡಿಯಲ್ಲಿ ಸಾಸ್ ಬಾಟಲಿ, ಊದುಬತ್ತಿ, ಮಲ್ಲಿಗೆ ಚಹಾದ ಡಬ್ಬಿ ಇದ್ದವು. ಗೈವಾನ್ ಕೇಳಿದೆ. ಅಂಗಡಿಯ ಅಜ್ಜ ಒಳಗೆ ಹೋಗಿ ಒಂದನ್ನು ತಂದರು. ಅಂಚು ಸ್ವಲ್ಪ ಒಡೆದಿತ್ತು. ಅವರ ತಾಯಿಯದಂತೆ, ಮಾರಾಟಕ್ಕಲ್ಲ.

ಅಸ್ಸಾಮಿನಲ್ಲಿ ಚಹಾ ಬೆಳೆಸಲು ಈಸ್ಟ್ ಇಂಡಿಯಾ ಕಂಪೆನಿ 1830ರ ದಶಕದಲ್ಲಿ ಚೀನೀ ಕುಶಲಕರ್ಮಿಗಳನ್ನು ಕರೆತಂದಿತು. ಎಲೆ ಬಾಡಿಸುವುದು, ಹೊಸೆಯುವುದು, ಒಣಗಿಸುವುದು ಗೊತ್ತಿದ್ದದ್ದು ಅವರಿಗೇ. ಅಲ್ಲಿನ ಮಾಕುಮ್‌ನಲ್ಲಿ ಚೀನೀ ಮೂಲದವರ ಊರೇ ಬೆಳೆಯಿತು. 1962ರ ಯುದ್ಧ ಬಂದದ್ದೇ ತಡ, ಮಾಕುಮ್‌ನವರನ್ನೂ ಬಂಗಾಳದ ಹಲವರನ್ನೂ ಸೇರಿಸಿ ಸುಮಾರು 3,000 ಮಂದಿಯನ್ನು ರಾಜಸ್ತಾನದ ದೇವಲಿಯ ಶಿಬಿರಕ್ಕೆ ಸಾಗಿಸಿದರು. ಅವರಲ್ಲಿ ಇಲ್ಲಿಯೇ ಹುಟ್ಟಿ, ಇಲ್ಲಿಯ ಭಾಷೆಯನ್ನೇ ಆಡುತ್ತಿದ್ದವರು ಬಹಳ. ಕೊನೆಯವರು ಹೊರಬಂದದ್ದು 1967ರಲ್ಲಿ. ಎಷ್ಟೋ ಜನರನ್ನು ಚೀನಾಕ್ಕೆ ಕಳಿಸಲಾಯಿತು; ಎಷ್ಟೋ ಜನರ ಮನೆ, ಅಂಗಡಿ ಹರಾಜಾದವು. ಉಳಿದವರಲ್ಲಿ ಅನೇಕರು ಕೆನಡಾ, ಆಸ್ಟ್ರೇಲಿಯಾ ಸೇರಿದರು. ರೀತಾ ಚೌಧುರಿಯವರು ಅಸ್ಸಾಮಿಯಲ್ಲಿ ಇದನ್ನು 'ಮಾಕಾಮ್' ಎಂಬ ಕಾದಂಬರಿಯಾಗಿ ಬರೆದದ್ದು 2010ರಲ್ಲಿ. ಡಿಪ್ಲೊಮಾ ತರಗತಿಯಲ್ಲಿ 1962ರ ಬಗ್ಗೆ ಎರಡು ವಾರ ಪಾಠ ಕೇಳಿದ್ದೆ. ದೇವಲಿಯ ಹೆಸರು ಒಮ್ಮೆಯೂ ಬಂದಿರಲಿಲ್ಲ. ಪಾತ್ರೆ ಹುಡುಕಲು ಹೋಗಿ ಅದನ್ನು ಕಲಿತೆ.

ಮೇಷ್ಟ್ರಿಗೆ ಏನಾದರೂ ಉತ್ತರ ಕೊಡಬೇಕಿತ್ತಲ್ಲ. ದಾರಿ ಸಿಕ್ಕಿದ್ದು ಕೂನೂರಿನಲ್ಲಿ. ಅಲ್ಲಿ ಚಹಾ ಹರಾಜು ನಡೆಯುತ್ತದೆ. ರುಚಿ ನೋಡುವವರು ಬಳಸುವುದು ಬಿಳಿ ಪಿಂಗಾಣಿಯ ಪುಟ್ಟ ಕಪ್ಪು. ಅದಕ್ಕೆ ಮುಚ್ಚಳವಿದೆ, ಸೊಪ್ಪು ತಡೆಯಲು ಅಂಚಿನಲ್ಲಿ ಗರಗಸದ ಹಲ್ಲಿನಂಥ ಕಚ್ಚುಗಳಿವೆ, ಜೊತೆಗೊಂದು ಬಟ್ಟಲು. ಅಳತೆಯೂ ನೂರೈವತ್ತು ಮಿಲಿಲೀಟರಿನ ಆಸುಪಾಸು. ಗೈವಾನ್ ಅಲ್ಲ, ಆದರೆ ಕೆಲಸ ಅದೇ. ಪರಿಚಯದವರ ಕೈಲಿ ಒಂದು ಜೊತೆ ತರಿಸಿ ಮೇಷ್ಟ್ರಿಗೆ ತಲುಪಿಸಿದೆ.

ಹೋದ ವಾರ ಅವರ ಫೋನ್ ಬಂತು. 'ಏಳನೇ ಸಲ ನೀರು ಹಾಕಿದೀನಿ, ಇನ್ನೂ ಘಮ ಇದೆ. ಸೊಪ್ಪು ಯಾವಾಗ ಎಸೀಬೇಕು?' ನೀರಿನ ರುಚಿ ಬಂದಾಗ ಸಾರ್ ಎಂದೆ. 'ಹಾಗಾದ್ರೆ ಇವತ್ತಿಲ್ಲ' ಎಂದು ಫೋನಿಟ್ಟರು.