ದಾರಿ, ಪೇಟೆ ಮತ್ತು ಮಗ್ಗ



ರಬಕವಿ-ಬನಹಟ್ಟಿಯ ಯಾವುದೋ ಒಂದು ಓಣಿಯಲ್ಲಿ ಮಗ್ಗದಿಂದ ಇಳಿಸಿದ ಸೀರೆಯನ್ನು ಬಿಚ್ಚಿ ನೋಡಿದರೆ ಕಣ್ಣಿಗೆ ಬೀಳುವದು ನೂಲು, ಬಣ್ಣ, ಅಂಚು, ಸೆರಗು ಇಷ್ಟೇ. ಆದರೆ ಆ ನೂಲು ಒಂದು ಊರಿನ ಗಿರಣಿಯಿಂದ ಬಂದಿರುವದು. ಬಣ್ಣ ಇನ್ನೊಂದು ಪ್ರಾಂತದ ಕಾರಖಾನೆಯಿಂದ ಬಂದಿರುವದು. ಉಡುವ ಹೆಣ್ಣುಮಗಳು ಬಹುಶಃ ಮಹಾರಾಷ್ಟ್ರದ ಒಂದು ಹಳ್ಳಿಯಲ್ಲಿರುವಳು. ನೇಕಾರನು ತನ್ನ ಮನೆಯ ಹೊಸ್ತಿಲನ್ನು ದಾಟದೆ ಕುಳಿತಿದ್ದರೂ ಅವನ ಕಾಯಕವು ಸಾವಿರಾರು ಹರದಾರಿಯ ದಾರಿಗಳಿಗೆ ಗಂಟುಬಿದ್ದಿದೆ. ಆ ದಾರಿಗಳು ಹೇಗೆ ಹುಟ್ಟಿದವು, ಅವು ಈ ಸೀಮೆಗೆ ಏನನ್ನು ಕೊಟ್ಟವು, ಏನನ್ನು ಕಸಿದುಕೊಂಡವು ಎಂಬುದೇ ಈ ದಿನದ ವಿಚಾರ.

ವ್ಯಾಪಾರವು ಈ ಸೀಮೆಗೆ ಪರದೇಶದವರು ತಂದ ಹೊಸ ವಿದ್ಯೆಯೆಂದು ತಿಳಿಯುವದು ತಪ್ಪು. ಮಲಪ್ರಭೆಯ ದಂಡೆಯ ಐಹೊಳೆಯೇ ‘ಅಯ್ಯಾವೊಳೆ ಐನೂರ್ವರು’ ಎಂಬ ಹೆಸರಾಂತ ವರ್ತಕಸಂಘದ ತವರು. ರಬಕವಿಯ ನೆರೆಯ ತೇರದಾಳದಲ್ಲಿ ದೊರೆತ 12ನೆಯ ಶತಮಾನದ ಶಾಸನವು ಈ ಸಂಘವನ್ನು ಕೊಂಡಾಡುತ್ತದೆ. ಐನೂರ್ವರ ಹೆಸರುಳ್ಳ, 1088ನೆಯ ಇಸವಿಯ ತಮಿಳು ಶಾಸನವೊಂದು ಸಮುದ್ರದಾಚೆಯ ಸುಮಾತ್ರಾ ದ್ವೀಪದಲ್ಲಿ ದೊರೆತಿದೆ. ಆದಕಾರಣ ಈ ನಾಡಿನ ಜನರಿಗೆ ದೂರದ ಪೇಟೆಯ ಅರಿವು ಇಂದು ನಿನ್ನೆಯದಲ್ಲ.

ಆದರೆ ಆ ಕಾಲದ ದಾರಿಗೆ ಒಂದು ಮಿತಿಯಿತ್ತು. ಎತ್ತಿನ ಬೆನ್ನಿನ ಮೇಲೆ ಹೇರು ಹೊರಿಸಿಕೊಂಡು ಲಮಾಣಿಗಳು ಉಪ್ಪನ್ನೂ ಕಾಳನ್ನೂ ಸಾಗಿಸುತ್ತಿದ್ದರು. ಮಳೆಗಾಲದಲ್ಲಿ ಎರೆಯ ಮಣ್ಣು ಚಕ್ಕಡಿಯ ಗಾಲಿಯನ್ನು ಹಿಡಿದುಬಿಡುತ್ತಿತ್ತು. ಕೃಷ್ಣೆ, ಘಟಪ್ರಭೆಗಳು ತುಂಬಿದರೆ ಆಚೆಯ ದಂಡೆಯೇ ಪರದೇಶವಾಗುತ್ತಿತ್ತು. ಬೆಲೆಯುಳ್ಳ ಹಗುರಾದ ಸರಕಷ್ಟೇ ದೂರ ಹೋಗಬಲ್ಲದಾಗಿತ್ತು. ಜೋಳದಂಥ ಭಾರವಾದ, ಅಗ್ಗದ ಸರಕು ನಾಲ್ಕು ದಿನದ ಹಾದಿ ನಡೆಯುವಷ್ಟರಲ್ಲಿ ಬಾಡಿಗೆಯೇ ಅದರ ಬೆಲೆಯನ್ನು ನುಂಗಿಬಿಡುತ್ತಿತ್ತು. ಇದರ ಫಲವು ಎಷ್ಟು ಘೋರವೆಂಬುದು 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಗೊತ್ತಾಯಿತು. ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆಯು 1872ರ ಮತ್ತು 1881ರ ಖಾನೇಸುಮಾರಿಗಳ ನಡುವೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. ಬೇರೆ ಕಡೆ ಕಾಳು ಇದ್ದರೂ ಅದನ್ನು ಹೊತ್ತು ತರುವ ಎತ್ತುಗಳೇ ಮೇವು ನೀರಿಲ್ಲದೆ ಸತ್ತಿದ್ದವು.

ಇದಕ್ಕೂ ಮುಂಚೆಯೇ ಈ ಸೀಮೆಯ ಹೊಲಗಳಿಗೆ ಸಮುದ್ರದಾಚೆಯ ಗಾಳಿ ಬೀಸಿತ್ತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹುಟ್ಟಿ, ಅಲ್ಲಿಯ ಹತ್ತಿಯು ಇಂಗ್ಲಂಡದ ಗಿರಣಿಗಳಿಗೆ ಬರುವದು ನಿಂತಿತು. ಮುಂಬಯಿಯ ಪೇಟೆಯಲ್ಲಿ ಹತ್ತಿಯ ಧಾರಣೆ ಏರಿತು. ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳ ಅರಳೆಗೆ ಬಂಗಾರದ ಬೆಲೆ ಬಂದಿತು. ಈ ಭಾಗದ ಅರಳೆಯು ಘಟ್ಟ ಇಳಿದು ಕುಮಟೆಯ ಬಂದರದಿಂದ ಹೋಗುತ್ತಿದ್ದುದರಿಂದ ಲಿವರ್‌ಪೂಲಿನ ವರ್ತಕರು ಅದನ್ನು ‘ಕುಮಟಾ ಹತ್ತಿ’ ಎಂದೇ ಕರೆದರು. ಬೆಳೆದ ಹೊಲದ ಹೆಸರು ಅಳಿದು, ಸಾಗಿಸಿದ ಬಂದರದ ಹೆಸರು ಉಳಿಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಧಾರಣೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ ರೈತರಿಗೆ ಸಾಲವೊಂದೇ ಉಳಿಯಿತು. ಕಾಣದ ನಾಡಿನ ಕಾಳಗವು ಕಾಣುವ ಹೊಲದ ಬಾಳನ್ನು ಏರಿಳಿಸಬಲ್ಲದೆಂಬ ಮೊದಲನೆಯ ಪಾಠವಿದು.

ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಜಗತ್ತೇ ಚಿಕ್ಕದಾಯಿತು. 1869ರಲ್ಲಿ ಸುವೇಜ ಕಾಲುವೆ ತೆರೆದು, ಮುಂಬಯಿ-ಲಂಡನ್ನುಗಳ ನಡುವಿನ ಜಲಮಾರ್ಗವು ನಾಲ್ಕು ಸಾವಿರ ಮೈಲಿಗೂ ಹೆಚ್ಚು ಕಡಿಮೆಯಾಯಿತು. 1870ರಲ್ಲಿ ಸಮುದ್ರದ ತಳದಲ್ಲಿ ಹಾಸಿದ ತಂತಿಯ ಮೂಲಕ ಅಲ್ಲಿಯ ಧಾರಣೆಯು ಅದೇ ದಿನ ಇಲ್ಲಿ ತಿಳಿಯತೊಡಗಿತು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಓಡಿದ ಉಗಿಬಂಡಿಯು ಒಳನಾಡಿಗೆ ಕಾಲಿಡುತ್ತ ಬಂದಿತು. ಬರಗಾಲದ ಪಾಠವನ್ನು ಮನಗಂಡ ಸರಕಾರದ ಆಶ್ರಯದಲ್ಲಿ 1882ರಲ್ಲಿ ಸದರ್ನ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. 1884ರ ಸುಮಾರಿಗೆ ಹೊಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಕ್ಕೆ ಹಳಿ ಬಿದ್ದಿತು. ಪಡುವಲಲ್ಲಿ ಪುಣೆ, ಮೀರಜ, ಬೆಳಗಾವಿಗಳ ದಾರಿಯ ಮೇಲೆ ಕುಡಚಿಯ ನಿಲ್ದಾಣವಾಯಿತು. ಮೂಡಲಿಗೆ ಬಾಗಲಕೋಟೆ, ಪಡುವಲಿಗೆ ಕುಡಚಿ. ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿಗಳು ಎರಡು ಹಳಿಗಳ ಮಧ್ಯದಲ್ಲಿಯೇ ಉಳಿದವು.

ಆಗ ಈ ಸೀಮೆಯು ಒಂದೇ ಆಡಳಿತದಲ್ಲಿ ಇದ್ದಿಲ್ಲ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು. ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ, ಅದಕ್ಕೆ ಅಂಟಿಕೊಂಡ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿಯು ಇಂಗ್ರೇಜಿ ಸರಕಾರದ ಜಿಲ್ಲೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ನೆರೆಮನೆಯ ನೇಕಾರರಿಬ್ಬರು ಇಬ್ಬರು ಅರಸರ ಪ್ರಜೆಗಳಾಗಿದ್ದರು. ಆದರೂ ಇಬ್ಬರ ಹಾಸಿಗೂ ಹೊಕ್ಕಿಗೂ ಬೇಕಾದ ನೂಲು ಒಂದೇ ಹಳಿಯ ಮೇಲೆ ಬರುತ್ತಿತ್ತು. ರಾಜ್ಯದ ಗಡಿಗಿಂತ ಪೇಟೆಯ ದಾರಿಯೇ ಬಲವಾದುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಳಿಯ ಮೇಲೆ ಬಂದದ್ದು ನೂಲೊಂದೇ ಅಲ್ಲ; ಮ್ಯಾಂಚೆಸ್ಟರಿನ ಬಟ್ಟೆಯೂ ಅದರ ಮೇಲೆಯೇ ಬಂದಿತು. ಕೈಯಿಂದ ನೂಲುತ್ತಿದ್ದ ಹೆಂಗಸರ ರಾಟಿಯು ಮೊದಲು ನಿಂತಿತು, ಏಕೆಂದರೆ ಗಿರಣಿಯ ನೂಲು ಅದಕ್ಕಿಂತ ಅಗ್ಗವೂ ಸಮವೂ ಆಗಿದ್ದಿತು. ಬಣ್ಣಗಾರರ ಗತಿಯೂ ಹಾಗೆಯೇ ಆಯಿತು. 1869ರಲ್ಲಿ ಮಂಜಿಷ್ಠದ ಕೆಂಪು ಬಣ್ಣವನ್ನೂ, 1897ರಿಂದ ನೀಲಿಯನ್ನೂ ಜರ್ಮನಿಯ ರಸಾಯನಜ್ಞರು ಕಾರಖಾನೆಯಲ್ಲಿ ಸಿದ್ಧಪಡಿಸಿದರು. ಹೊಲದಲ್ಲಿ ಬೆಳೆಯುವ ಬಣ್ಣವು ಡಬ್ಬಿಯಲ್ಲಿ ಬರತೊಡಗಿತು. ನೇಕಾರನು ಮಾತ್ರ ಒಮ್ಮೆಲೇ ಅಳಿಯಲಿಲ್ಲ. ಅಗ್ಗದ ನೂಲು, ಸುಲಭದ ಬಣ್ಣಗಳು ಅವನಿಗೂ ಒದಗಿದವು. ಅಂಚು, ಸೆರಗುಗಳ ಸೀರೆಯಲ್ಲಿ ಊರೂರಿನ ರುಚಿಯನ್ನು ಅರಿತು ನೇಯುವ ಜಾಣ್ಮೆಯು ದೂರದ ಗಿರಣಿಗೆ ಇದ್ದಿಲ್ಲ. ಇಲಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳು ಉಳಿದದ್ದು ಇದೇ ಬಲದಿಂದ. ದಾರಿಯು ಎರಡು ಮುಖದ್ದು: ಕೊಳ್ಳುವವನನ್ನು ಕರೆತಂದ ದಾರಿಯೇ ಪ್ರತಿಸ್ಪರ್ಧಿಯನ್ನೂ ಕರೆತರುವದು.

ಇಪ್ಪತ್ತನೆಯ ಶತಮಾನದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. ಮಗ್ಗಕ್ಕೆ ವಿದ್ಯುತ್ತು ಬಂದಿತು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಲಾಳಿಯ ಸಪ್ಪಳವು ಯಂತ್ರದ ಸಪ್ಪಳವಾಯಿತು. ಕೈಮಗ್ಗವನ್ನು ಕಾಪಾಡಲು 1985ರ ಕಾಯಿದೆಯು ಮೊದಲು 22 ಬಗೆಯ ಬಟ್ಟೆಗಳನ್ನು ಅದಕ್ಕೆ ಮೀಸಲಿಟ್ಟಿತು. ತರುವಾಯ ಆ ಪಟ್ಟಿಯು 11ಕ್ಕೆ ಇಳಿಯಿತು. ಅತ್ತ ಅಮೇರಿಕೆಯಲ್ಲಿ 1956ರಲ್ಲಿ ಮ್ಯಾಲ್ಕಂ ಮೆಕ್‌ಲೀನ್ ಎಂಬವನು 58 ಉಕ್ಕಿನ ಪೆಟ್ಟಿಗೆಗಳನ್ನು ಹಡಗಿನಲ್ಲಿಟ್ಟು ಕಳುಹಿಸಿದನು. ಕಂಟೇನರ್ ಎಂಬ ಆ ಪೆಟ್ಟಿಗೆಯನ್ನು ಲಾರಿಯಿಂದ ಹಡಗಕ್ಕೆ, ಹಡಗದಿಂದ ರೈಲಿಗೆ ಬಿಚ್ಚದೆ ಎತ್ತಿಡಬಹುದು. ಹಮಾಲಿಯ ಖರ್ಚು, ಕಳವು, ಕಾಲಹರಣ ಮೂರೂ ಕಡಿಮೆಯಾದವು. ಮುಂದೆ ಶ್ರೀಮಂತ ದೇಶಗಳು ಪರದೇಶದ ಬಟ್ಟೆಗೆ ಹಾಕಿದ್ದ ಪ್ರಮಾಣದ ಕಟ್ಟುಗಳು 2005ರ ಜನವರಿ 1ರಂದು ಕೊನೆಗೊಂಡವು. ಜಗತ್ತಿನ ಬಟ್ಟೆಯ ಪೇಟೆಯೆಲ್ಲ ಒಂದಾಯಿತು. ಒಳನಾಡಿನಲ್ಲಿಯೂ ಸುರತದ ಕೃತಕ ನೂಲಿನ ಅಗ್ಗದ ಸೀರೆಗಳು ಹಳ್ಳಿಯ ಸಂತೆಗೇ ಬಂದು ನಿಂತವು. 2020ರಲ್ಲಿ ಮಹಾಮಾರಿಯ ಕಾರಣದಿಂದ ದಾರಿಗಳೆಲ್ಲ ಮುಚ್ಚಿದಾಗ ನೇಯ್ದ ಸೀರೆಗಳು ಮನೆಯಲ್ಲಿಯೇ ಉಳಿದು, ದಿನಗೂಲಿಯ ನೇಕಾರನ ಒಲೆ ಆರಿತು. ದಾರಿ ತೆರೆದರೆ ಸ್ಪರ್ಧೆ, ಮುಚ್ಚಿದರೆ ಉಪವಾಸ, ಅವನ ಸಂಕಟವಿದು.

ಒಕ್ಕಲಿಗನ ಕಥೆಯೂ ಬೇರೆಯಲ್ಲ. ಕೃಷ್ಣೆ, ಘಟಪ್ರಭೆಗಳ ನೀರಿನಿಂದ ಮುಧೋಳ, ಜಮಖಂಡಿಗಳ ಎರೆಯಲ್ಲಿ ಕಬ್ಬು ತುಂಬಿತು, ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾಯಿತು, ಸಕ್ಕರೆಯ ಕಾರಖಾನೆಗಳೆದ್ದವು. ಈ ಸಕ್ಕರೆಯ ಧಾರಣೆಗೂ ಬ್ರೆಝಿಲಿನ ಮಳೆಗೂ ಸಂಬಂಧವುಂಟು. ಜಗತ್ತಿನಲ್ಲಿ ಅತಿ ಹೆಚ್ಚು ಸಕ್ಕರೆಯನ್ನು ಪರದೇಶಗಳಿಗೆ ಕಳುಹಿಸುವ ನಾಡು ಅದು. 2022ರಲ್ಲಿ ಭಾರತ ಸರಕಾರವು ಸಕ್ಕರೆಯ ರಫ್ತಿಗೆ ಮಿತಿ ಹಾಕಿದಾಗ ಮುಧೋಳದ ಕಬ್ಬಿನ ಗದ್ದೆಗೂ ಅದರ ಬಿಸಿ ತಟ್ಟಿತು. ಬೀಳಗಿಯದು ಇನ್ನೊಂದು ಬಗೆಯ ತ್ಯಾಗ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ತಾಲೂಕಿನ ಹಳ್ಳಿಗಳೂ ಹಳೆಯ ಹಾದಿಗಳೂ ಮುಳುಗಿದವು. ಇತ್ತ ಕೊರ್ತಿ-ಕೊಲ್ಹಾರಗಳ ನಡುವೆ ನೀರಿನ ಮೇಲೆ ಚಾಚಿದ ಸೇತುವೆಯ ಮೇಲೆ ಸೊಲ್ಲಾಪುರ-ಹುಬ್ಬಳ್ಳಿಯ ಲಾರಿಗಳು ಓಡತೊಡಗಿದವು. ಒಬ್ಬರ ಮನೆ ಮುಳುಗಿ ಇನ್ನೊಬ್ಬರ ಹಾದಿ ಏಳುವಾಗ, ಮುಳುಗಿದವನನ್ನು ಮರೆಯದಿರುವದೇ ಧರ್ಮ.

ಉಳಿದದ್ದು ಹಳಿಯ ಮಾತು. ಬಾಗಲಕೋಟೆಯನ್ನೂ ಕುಡಚಿಯನ್ನೂ ಲೋಕಾಪುರ, ಮುಧೋಳ, ಜಮಖಂಡಿ, ರಬಕವಿ, ತೇರದಾಳಗಳ ಮೇಲೆ ಕೂಡಿಸುವ ಸುಮಾರು 142 ಕಿಲೋಮೀಟರಿನ ರೈಲು ದಾರಿಗಾಗಿ ಈ ಸೀಮೆಯ ಜನರು ದಶಕಗಳ ಕಾಲ ಬಿನ್ನಹ, ಸತ್ಯಾಗ್ರಹ ಮಾಡಿದರು. 2010ರಲ್ಲಿ ಮಂಜೂರಾದ ಆ ಕೆಲಸವು ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗೆ ಮೊದಲು ನಡೆದು, ಮುಂದೆ ತುಂಡು ತುಂಡಾಗಿ ಸಾಗಿತು. 1884ರಲ್ಲಿ ಒಂದು ಬದಿಯಲ್ಲಿ ಹಾದುಹೋದ ಹಳಿಯು ಜಮಖಂಡಿಯ ಬಾಗಿಲಿಗೆ ಬರಲು ಒಂದೂಕಾಲು ಶತಮಾನ ಕಾದರೂ ಸಾಲಲಿಲ್ಲ. ಭಾರವಾದ ಸರಕಿಗೆ ಹಳಿಯಂಥ ಅಗ್ಗದ ದಾರಿ ನೆಲದ ಮೇಲೆ ಬೇರೆಯಿಲ್ಲ. ಬೆಲ್ಲ, ಸಕ್ಕರೆ, ಸುಣ್ಣದ ಕಲ್ಲು, ಸಿಮೆಂಟು, ನೂಲು ಇವೆಲ್ಲ ಅದನ್ನೇ ಕಾದಿವೆ.

ಆದರೆ ಹಳಿ ಬಂದ ಮಾತ್ರಕ್ಕೆ ಬಡತನ ಹಿಂಗುವದೆಂಬ ಭ್ರಮೆ ಸಲ್ಲದು. ಮೇಲಿನ ಕಥೆಯೆಲ್ಲ ಹೇಳುವದು ಒಂದೇ. ಯಾವ ಕಾಲದಲ್ಲಿಯೂ ದಾರಿಯ ಲಾಭವು ಮೊದಲು ಮುಟ್ಟಿದ್ದು ಧಾರಣೆಯನ್ನು ಮೊದಲು ತಿಳಿದವನಿಗೆ ಮತ್ತು ಸರಕನ್ನು ತಡೆಹಿಡಿಯುವಷ್ಟು ಬಂಡವಾಳ ಇದ್ದವನಿಗೆ. ನಷ್ಟವು ಮೊದಲು ಮುಟ್ಟಿದ್ದು ಅಂದಿನ ದುಡಿಮೆಯನ್ನು ಅಂದೇ ಮಾರಬೇಕಾದವನಿಗೆ. ಒಬ್ಬಂಟಿ ನೇಕಾರನು ಜಗತ್ತಿನ ಪೇಟೆಯೊಡನೆ ಚೌಕಾಶಿ ಮಾಡಲಾರನು. ನೂರು ಮಗ್ಗಗಳು ಕೂಡಿ ನೂಲು ಕೊಂಡರೆ, ಕೂಡಿ ಸೀರೆಗೆ ತಮ್ಮ ಊರಿನ ಮುದ್ರೆ ಹಾಕಿದರೆ, ಕೂಡಿ ಧಾರಣೆ ತಿಳಿದು ಮಾರಿದರೆ ಆಗ ದಾರಿಯು ಅವನದಾಗುವದು. ಅಯ್ಯಾವೊಳೆಯ ವರ್ತಕರು ಸಮುದ್ರ ದಾಟಿದ್ದು ಐನೂರ್ವರಾಗಿ, ಒಬ್ಬೊಬ್ಬರಾಗಿ ಅಲ್ಲ.

ಕಾಯಕಕ್ಕೆ ಗೌರವವನ್ನೂ ದಾಸೋಹಕ್ಕೆ ಹಿರಿಮೆಯನ್ನೂ ಕೊಟ್ಟ ಪರಂಪರೆಯ ಅಂಗಳವಿದು. ಕಾಯಕವು ಗಳಿಕೆಯ ಮಾತಾದರೆ ದಾಸೋಹವು ಹಂಚಿಕೆಯ ಮಾತು. ಜಗತ್ತಿನ ಹೊಸ ದಾರಿಗಳು ಗಳಿಕೆಯನ್ನು ಹೆಚ್ಚಿಸಿವೆ; ಹಂಚಿಕೆಯನ್ನು ಕಲಿಸುವದು ಹಳಿಗೂ ಹಡಗಕ್ಕೂ ಸಾಧ್ಯವಿಲ್ಲ, ಅದನ್ನು ಜನರೇ ಮಾಡಬೇಕು. ಕುಡಚಿಯ ಹಳಿಯು ರಬಕವಿಯನ್ನು ಮುಟ್ಟುವ ದಿನ ಅಲ್ಲಿಯ ಮಗ್ಗಗಳು ಇನ್ನೂ ಸದ್ದು ಮಾಡುತ್ತಿರಬೇಕು. ಮೊದಲ ಬಂಡಿಯಲ್ಲಿ ಆ ಊರಿನ ಮಕ್ಕಳು ಕೂಲಿಗಾಗಿ ಊರು ಬಿಟ್ಟು ಹೋಗದೆ, ಆ ಊರಿನ ಸೀರೆಗಳು ಹೋಗಬೇಕು.